ಹಾರ್ಟ್ ಅಟ್ಯಾಕ್‌ಗೆ ಜಾತಿ ಇಲ್ವಂತೆ, ಸಾವಿಗೆ ಇದೆ!



2025ರ ಮೇ-ಜೂನ್‌ನಲ್ಲಿ ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡಾಗ ಟಿವಿಯವರು ದಿನಾ ಲೆಕ್ಕ ಹಾಕಿದರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಅಲ್ಲಿಗೆ ಗದ್ದಲ ತಣ್ಣಗಾಯ್ತು. ಸತ್ತವರಲ್ಲಿ ನಮ್ಮೋರೆಷ್ಟು ಅಂತ ಒಂದು ಚಾನೆಲ್ಲೂ ಕೇಳಿದ್ದು ನಾನು ಕಾಣೆ.

ನಾನು ಗುಮಾಸ್ತ. ಫಾರಂ ಓದೋದೇ ನನ್ನ ಹೊಟ್ಟೆಪಾಡು. ಮರಣ ನೋಂದಣಿಯ ವರದಿ ಫಾರಂ ತೆಗೆದು ನೋಡಿ. ಧರ್ಮ ಕೇಳುತ್ತೆ, ಉದ್ಯೋಗ ಕೇಳುತ್ತೆ. ಬೀಡಿ ಸೇದ್ತಿದ್ದನಾ, ತಂಬಾಕು ಹಾಕ್ತಿದ್ದನಾ, ಅಡಿಕೆ ಜಗೀತಿದ್ದನಾ, ಕುಡೀತಿದ್ದನಾ, ಎಷ್ಟು ವರ್ಷದಿಂದ ಅಂತಲೂ ಕೇಳುತ್ತೆ. ಜಾತಿಯ ಕಾಲಂ ಮಾತ್ರ ಇಲ್ಲ. ಚನ್ನಗಿರಿ ಸೀಮೆಯ ತೋಟದ ಕೂಲಿಯವನು ಸತ್ತರೆ ಅವನು ಅಡಿಕೆ ಜಗಿದದ್ದು ದಾಖಲಾಗುತ್ತೆ. ಯಾರ ತೋಟದಲ್ಲಿ ಎಷ್ಟು ವರ್ಷ ಕೊನೆ ಇಳಿಸಿದ ಅನ್ನೋದು ದಾಖಲಾಗಲ್ಲ.

ಇನ್ನು ಸಾವಿನ ಕಾರಣ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು 100ಕ್ಕೆ ಸುಮಾರು 22 ಮಾತ್ರ. ಹೃದಯ, ರಕ್ತನಾಳದ ಕಾಯಿಲೆಯಿಂದ ಶೇ 32 ಅನ್ನೋ ಲೆಕ್ಕ ಇಷ್ಟರೊಳಗಿನದ್ದು. ಎದೆ ಹಿಡ್ಕಂಡು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಸೋಡಾ ಕುಡಿದು ಮಲಗಿ, ಬೆಳಿಗ್ಗೆ ಏಳದೇ ಹೋದ ನಮ್ಮ ಕೇರಿಯವರು ಅದರಲ್ಲಿ ಎಲ್ಲಿದ್ದಾರೆ?

'ರೋಗಕ್ಕೆ ಜಾತಿ ಇಲ್ಲ ಕಣ್ರೀ' ಅಂತ ಬುದ್ಧಿ ಹೇಳೋರಿಗೆ ಒಂದು ಮಾತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. 30 ದಿನದೊಳಗೆ ಸತ್ತವರು ಶ್ರೀಮಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿ ನೋಡಿದರೆ ಆ ಅಂತರವೇ ಮಾಯ! ಅಂದ್ರೆ ಬಡವನನ್ನು ಕೊಂದದ್ದು ಅವನ ಚಟ ಅಲ್ಲ, ಸಿಗದೇ ಹೋದ ಚಿಕಿತ್ಸೆ. ಆ ಅಧ್ಯಯನ ನೋಡಿದ್ದು ವರ್ಗವನ್ನು. ಜಾತಿ ನೋಡಿದ 2022ರ ಇನ್ನೊಂದು ಅಧ್ಯಯನದಲ್ಲಿ ದಲಿತರ ಆಯಸ್ಸು ಮೇಲ್ಜಾತಿ ಹಿಂದೂಗಳಿಗಿಂತ 3 ವರ್ಷಕ್ಕೂ ಹೆಚ್ಚು ಕಡಿಮೆ ಅಂತ ಸಿಕ್ಕಿತು. ಅದು 9 ರಾಜ್ಯಗಳ ಲೆಕ್ಕ, ಕರ್ನಾಟಕ ಅದರಲ್ಲಿಲ್ಲ. ನಮ್ಮ ಲೆಕ್ಕ ಯಾರು ಹಾಕ್ತಾರೆ?

ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತ. ಒಳ್ಳೇ ಯೋಜನೆ, ಬೇಡ ಅನ್ನಲ್ಲ. ಆದರೆ ಆ ಇಂಜೆಕ್ಷನ್‌ಗೆ ಗಂಟೆ ಗಂಟೆಯೂ ಲೆಕ್ಕ. ರಾತ್ರಿ ಎರಡಕ್ಕೆ ಜಗಳೂರಿನ ಒಂದು ಹಟ್ಟಿಯಿಂದ, ನ್ಯಾಮತಿಯ ಒಂದು ಕಾಲೋನಿಯಿಂದ ಆಸ್ಪತ್ರೆ ತನಕ ಹೋಗೋದು ಹೆಂಗೆ? ಗಾಡಿ ಇರೋದು ಊರೊಳಗೆ, ನಾವಿರೋದು ಊರಾಚೆ.

ಹಾಗಾಗಿ ನಮ್ಮ ಬೇಡಿಕೆ:

1. ಮರಣ ವರದಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಕಾಲಂ ಸೇರಿಸಿ.
2. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಆ ಇಂಜೆಕ್ಷನ್ ಎಷ್ಟು ಜನಕ್ಕೆ, ನೋವು ಶುರುವಾಗಿ ಎಷ್ಟು ಗಂಟೆಗೆ ಸಿಕ್ತು ಅಂತ ತಿಂಗಳಿಗೊಮ್ಮೆ ಬೋರ್ಡಿಗೆ ಹಾಕಿ.
3. ಮನೆಯಲ್ಲಾದ ಪ್ರತಿ ಹಠಾತ್ ಸಾವಿಗೂ ಕಾರಣ ವಿಚಾರಿಸಿ ಬರೀರಿ.

ಬಂಧುಗಳೇ, ನಿಮ್ಮ ಕೇರಿಯಲ್ಲಿ ಈ ವರ್ಷ ಎದೆನೋವಿಂದ ಹೋದವರ ವಯಸ್ಸು, ಕೆಲಸ, ಆಸ್ಪತ್ರೆ ಮುಟ್ಟಲು ಹಿಡಿದ ಸಮಯ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಸರ್ಕಾರ ಲೆಕ್ಕ ಇಡೋ ತನಕ ನಾವೇ ಇಡೋಣ.

ಜೈ ಭೀಮ್.