ಒಂದೇ ವೀಲ್‌ಚೇರ್ ಬಂದ್ರೆ ಯಾರು ಕೂರೂದು?

ಮೊನ್ನೆ ಬಂಗ್ಡೆ ಕೊಯ್ತಾ ಕೂತಾಗ ಪಕ್ಕದ ಮನೆ ಅಕ್ಕ ಹೇಳಿದ್ರು, "ದೂರದ ವಿಮಾನ ಅಂದ್ರೆ ಹಾಗೇಯ ಮಾರಾಯ್ತಿ, ಸ್ವಲ್ಪ ಸುಧಾರಿಸ್ಕಳಬೇಕು." ಎಂತಕೆ ಸುಧಾರಿಸ್ಕಳಬೇಕು ಹೇಳಿ ನಾ ಕೇಳ್ತೆ. ಲಕ್ಷ ರೂಪಾಯಿ ಟಿಕೆಟ್ಟು, ಧರ್ಮಕ್ಕೆ ಕರ್ಕೊಂಡು ಹೋಗ್ತಾರಾ?

ನಾನೂ ನಮ್ಮತ್ತಿಗೆಯೂ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಬಂದದ್ದು ನಿಮಗೆಲ್ಲಾ ಗೊತ್ತಿದ್ದದ್ದೇ. ಅತ್ತಿಗೆಗೆ ಮೊಣಕಾಲು ನೋವು, ಅಳಿಯ ಟಿಕೆಟ್ ಮಾಡುವಾಗ್ಲೇ ವೀಲ್‌ಚೇರ್ ಬರೆಸಿದ್ದ. ದಿಲ್ಲಿಯಲ್ಲಿ ಇಳಿದ್ರೆ ಕುರ್ಚಿ ಇಲ್ಲ. "ಕೂತಿರಿ ಅಮ್ಮ, ಬರ್ತದೆ." ಗೋವೆ ವಿಮಾನಕ್ಕೆ ಹೊತ್ತಾಗ್ತಾ ಬಂತು, ಕುರ್ಚಿ ಬರಲಿಲ್ಲ. ಅಷ್ಟು ತಾಸು ಕೂತು ಬಾತ ಕಾಲಲ್ಲಿ ಅತ್ತಿಗೆ ನನ್ನ ಹೆಗಲು ಹಿಡ್ಕೊಂಡು ನಡೆದ್ರು. ದಾರಿ ಮುಗಿಯೂದೇ ಇಲ್ಲ.

ನಾವು ಬದುಕಿ ಬಂದೆವು. 2024ರ ಫೆಬ್ರವರಿ 12ಕ್ಕೆ ನ್ಯೂಯಾರ್ಕಿನಿಂದ ಏರ್ ಇಂಡಿಯಾದಲ್ಲಿ ಮುಂಬಯಿಗೆ ಬಂದ 80 ವರ್ಷದ ಅಜ್ಜ ಬದುಕಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಕುರ್ಚಿ ಬರೆಸಿದ್ರು, ಬಂದದ್ದು ಒಂದು. ಹೆಂಡತಿಯನ್ನ ಕೂರಿಸಿ ತಾವು ಪಕ್ಕದಲ್ಲಿ ನಡೆದ್ರು, ಕುಸಿದು ಬಿದ್ರು. ಕಾಯಿರಿ ಹೇಳಿದ್ವು, ಅವರೇ ನಡೆದ್ರು ಅಂತು ಕಂಪನಿ. ಹೆಂಡತಿ ಕುರ್ಚಿ ಮುಂದೆ ಹೋದ ಮೇಲೆ ಯಾವ ಮುದುಕ ಒಬ್ಬನೇ ಹಿಂದೆ ಕೂರ್ತಾನೆ?

ಡಿಜಿಸಿಎ 30 ಲಕ್ಷ ದಂಡ ಹಾಕ್ತು. ಅದೇ ವರ್ಷ ಮೇ ಕೊನೆಗೆ ದಿಲ್ಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನ 20 ತಾಸಿಗಿಂತ ಹೆಚ್ಚು ತಡ, ಒಳಗೆ ಏಸಿ ಇಲ್ಲದೆ ಜನ ತಲೆಸುತ್ತಿ ಬಿದ್ರು. ಆಗ್ಲೂ ನೋಟಿಸು. ಹಾಕ್ಲಿ, ಬೇಡ ಅನ್ನೂದಿಲ್ಲ. ಆದ್ರೆ ದಂಡ ಹೋಗೂದು ಸರ್ಕಾರಕ್ಕೆ. ಆ ದುಡ್ಡಲ್ಲಿ ಮುಂದಿನ ಮುದುಕಿಗೆ ಒಂದು ಕುರ್ಚಿಯಾದ್ರೂ ಬಂತಾ?

ಕ್ಯೂ ತಪ್ಪಿಸ್ಲಿಕ್ಕೆ ಗಟ್ಟಿಮುಟ್ಟಾದವರೂ ಕುರ್ಚಿ ಬರೆಸ್ತಾರೆ ಅಂತಾರೆ. ಸುಳ್ಳಲ್ಲ. ನಮ್ಮ ಬಳಗದಲ್ಲೇ ಇದ್ದಾರೆ, ಈಗ ಇದನ್ನ ಓದ್ತಾನೂ ಇದ್ದಾರೆ. ನಿಮ್ಮಿಂದ್ಲೇ ಅತ್ತಿಗೆ ನಡೆದದ್ದು ಅಂದ್ರೂ ತಪ್ಪಲ್ಲ. ಆದ್ರೂ ಎಷ್ಟು ಕುರ್ಚಿ ಬೇಕು ಹೇಳಿ ಕಂಪನಿಗೆ ಮೊದ್ಲೇ ಗೊತ್ತಿರ್ತದಲ್ಲ. ನೂರು ಜನರನ್ನ ಊಟಕ್ಕೆ ಕರೆದು ಐವತ್ತೇ ಎಲೆ ಹಾಕಿ, ಉಳಿದವರು ಹಸಿವು ತಡೀಲಿಲ್ಲ ಅಂದ್ರೆ ಮದುವೆ ಮನೆಯವರ ಮುಖ ಉಳೀತದಾ?

ಅತ್ತಿಗೆ ಈಗ್ಲೂ "ಹೋಗ್ಲಿ ಬಿಡು, ದೂರು ಯಂತಕೆ" ಅಂತ್ರು. ನಾ ಬಿಡೂದಿಲ್ಲ. ಬೋರ್ಡಿಂಗ್ ಪಾಸು ಗೇರುಬೀಜದ ಡಬ್ಬದಲ್ಲಿ ಇಟ್ಟಿದ್ದೆ, ಫೋಟೊ ತೆಗೆದು ನಿನ್ನೆ ಸರ್ಕಾರದ ಏರ್‌ಸೇವಾದಲ್ಲಿ ಹಾಕ್ದೆ. ಉತ್ತರ ಬಂದ್ರೆ ಇಲ್ಲೇ ಬರೀತೆ.