‘ಡಾಕ್ಟರ್’ ಎಂಬ ಬಿರುದು ಯಾರಿಗೆ ಸಲ್ಲಬೇಕು?

ಒಬ್ಬರನ್ನು “ಇವರು ಡಾಕ್ಟರು” ಎಂದು ಪರಿಚಯ ಮಾಡಿಕೊಟ್ಟೊಡನೆ, ಕೇಳಿದವರು ತಮ್ಮ ಮಂಡಿನೋವಿನ ಪ್ರಸ್ತಾಪವನ್ನೆತ್ತುವುದು ನಮ್ಮಲ್ಲಿ ವಾಡಿಕೆ. ಆ ಡಾಕ್ಟರು ಸಸ್ಯಶಾಸ್ತ್ರದಲ್ಲಿಯೋ ಹಳಗನ್ನಡ ವ್ಯಾಕರಣದಲ್ಲಿಯೋ ಪದವಿ ಪಡೆದವರೆಂದು ತಿಳಿದಾಗ, “ಹಾಗಾದರೆ ನೀವು ನಿಜವಾದ ಡಾಕ್ಟರಲ್ಲ” ಎಂಬ ಮಾತೂ ಹೊರಡುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿದ್ಯಾರ್ಥಿಗಳು ವಿಚಾರ ಮಾಡಿ ನೋಡಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಡೊಕೇರೆ’ ಎಂದರೆ ಕಲಿಸುವುದು. ‘ಡಾಕ್ಟರ್’ ಎಂದರೆ ಕಲಿಸುವವನು. ಮಧ್ಯಯುಗದ ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರದ ಪಂಡಿತರಿಗೆ ಮಾತ್ರವಲ್ಲದೆ, ನ್ಯಾಯಶಾಸ್ತ್ರ ಮತ್ತು ಕ್ರೈಸ್ತ ಮತಶಾಸ್ತ್ರಗಳ ಪಂಡಿತರಿಗೂ ಈ ಹೆಸರು ಸಲ್ಲುತ್ತಿತ್ತು. ಸ್ವಂತ ಸಂಶೋಧನೆಯಿಂದ ಗಳಿಸುವ ಇಂದಿನ ಪಿಎಚ್.ಡಿ. ಪದವಿಯು 19ನೆಯ ಶತಮಾನದ ಜರ್ಮನಿಯಲ್ಲಿ ರೂಪುಗೊಂಡಿತು. 1861ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯವೂ ಅದನ್ನು ನೀಡತೊಡಗಿತು. ಇತ್ತ ನಮ್ಮ ಎಂ.ಬಿ.ಬಿ.ಎಸ್. ಎಂಬುದಾದರೋ ಸ್ನಾತಕ ಪದವಿ. ಅದನ್ನು ಪಡೆದವರನ್ನು ಡಾಕ್ಟರೆಂದು ಕರೆಯುವುದು ಗೌರವದಿಂದ ಬಂದ ರೂಢಿ. ಬ್ರಿಟನ್ನಿನ ಶಸ್ತ್ರವೈದ್ಯರಂತೂ ಇಂದಿಗೂ ‘ಮಿಸ್ಟರ್’ ಎಂದು ಕರೆಸಿಕೊಳ್ಳುವುದನ್ನೇ ಮೆಚ್ಚುವರು. ಆದುದರಿಂದ ವಿದ್ವಾಂಸರು ವೈದ್ಯರ ಬಿರುದನ್ನು ಕಸಿದುಕೊಂಡರೆಂಬ ಆಕ್ಷೇಪಣೆಗೆ ಆಧಾರವಿಲ್ಲ.

ಈ ಬಿರುದು ಸುಲಭವಾಗಿ ದೊರೆಯುವಂಥದೂ ಅಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಬಯಸಿದ ಕಮಲಾ ಭಾಗವತ್ ಎಂಬ ತರುಣಿಗೆ, ಹೆಣ್ಣೆಂಬ ಕಾರಣದಿಂದ, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಮೊದಲು ಪ್ರವೇಶವನ್ನೇ ನಿರಾಕರಿಸಿದರು. ಆಕೆ ಪಟ್ಟುಬಿಡದೆ ಪ್ರವೇಶ ಪಡೆದು, ತಮ್ಮ ಯೋಗ್ಯತೆಯನ್ನು ಸಿದ್ಧಪಡಿಸಿ ತೋರಿಸಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಗಳಿಸಿದರು. ಮುಂದೆ ಡಾ. ಕಮಲಾ ಸೊಹೊನಿ ಎಂದು ಹೆಸರಾದವರು ಅವರೇ. ಇಂತಹವರು ತಮ್ಮ ಬಿರುದನ್ನು ಮರೆಮಾಡಬೇಕೆನ್ನುವುದು ನ್ಯಾಯವಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವುಂಟು. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್ನರು ವ್ಯಾಸಂಗ ಮಾಡಿ ಗಳಿಸಿದ್ದುದು ಎಂ.ಎ. ಪದವಿ, ಡಾಕ್ಟರೇಟುಗಳು ಗೌರವಾರ್ಥವಾಗಿ ಬಂದವು. ಬಿರುದಿಲ್ಲದೆಯೂ ವಿಜ್ಞಾನ ಬೆಳೆಯಬಲ್ಲದು. ಬಿರುದಿದ್ದ ಮಾತ್ರಕ್ಕೆ ಆಡಿದ್ದೆಲ್ಲ ಸತ್ಯವಾಗಲಾರದು.

ಅಪಾಯವಿರುವುದು ಇಲ್ಲಿಯೇ. ಮಧುಮೇಹಕ್ಕೆ ಮದ್ದೆಂದು ಸಾರುವ ಜಾಹೀರಾತಿನಲ್ಲಿ ‘ಡಾ.’ ಎಂದಷ್ಟೇ ಅಚ್ಚಾಗಿದ್ದರೆ, ಓದಿದವರು ಆತನನ್ನು ವೈದ್ಯನೆಂದೇ ನಂಬುವರು. ಆತನ ಪದವಿ ಬೇರೊಂದು ಶಾಸ್ತ್ರದ್ದಾಗಿದ್ದರೆ, ಆ ನಂಬಿಕೆಗೆ ಬೆಲೆ ತೆರುವವನು ರೋಗಿ. ಹಣ ಕೊಟ್ಟು ತಂದ ಡಾಕ್ಟರೇಟಂತೂ ಶುದ್ಧ ವಂಚನೆ; 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧಿನಿಯಮದಂತೆ, ಕಾನೂನಿನ ಮಾನ್ಯತೆಯಿಲ್ಲದ ಸಂಸ್ಥೆಗಳಿಗೆ ಪದವಿ ಕೊಡುವ ಅಧಿಕಾರವೇ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನಟ ರಾಜ್‌ಕುಮಾರರಿಗೆ ಗೌರವ ಡಾಕ್ಟರೇಟ್ ನೀಡಿದ ಮೇಲೆ ಕನ್ನಡಿಗರು ಅವರನ್ನು ‘ಡಾ. ರಾಜ್‌ಕುಮಾರ್’ ಎಂದು ಅಭಿಮಾನದಿಂದ ಕರೆದರು. ಅವರ ಬಳಿ ಔಷಧಕ್ಕಾಗಿ ಯಾರೂ ಹೋಗಲಿಲ್ಲ. ತಪ್ಪು ತಿಳಿವಳಿಕೆಗೆ ಎಡೆಯಿಲ್ಲದಲ್ಲಿ ಬಿರುದಿನಿಂದ ಕೇಡಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ವಿದ್ಯಾಲಯದಲ್ಲಿ, ಗ್ರಂಥದಲ್ಲಿ, ಸಭೆಯಲ್ಲಿ ವಿದ್ವಾಂಸರು ಈ ಬಿರುದನ್ನು ನಿಸ್ಸಂಕೋಚವಾಗಿ ಬಳಸಲಿ. ರೋಗ, ಔಷಧ, ಆಹಾರಪಥ್ಯಗಳ ಮಾತು ಬಂದೆಡೆ, ತಾವು ಯಾವ ಶಾಸ್ತ್ರದ ಡಾಕ್ಟರೆಂಬುದನ್ನು ಕೇಳುವ ಮೊದಲೇ ಹೇಳಲಿ. ವಿದ್ಯಾರ್ಥಿಗಳೂ ಹೆಸರಿನ ಹಿಂದೆ ‘ಡಾ.’ ಕಂಡಾಗ ಎರಡು ಪ್ರಶ್ನೆಗಳನ್ನು ಕೇಳುವುದನ್ನು ರೂಢಿಸಿಕೊಳ್ಳಬೇಕು: “ಯಾವ ವಿಷಯದಲ್ಲಿ?” ಮತ್ತು “ಹೇಳುತ್ತಿರುವ ಮಾತಿಗೆ ಆಧಾರವೇನು?” ನಿಜವಾದ ವಿದ್ವಾಂಸನಾದವನು ಎರಡಕ್ಕೂ ಸಂತೋಷದಿಂದಲೇ ಉತ್ತರ ಕೊಡುವನು.