ಬೇಲೂರಿಗೆ ಎರಡು ಗಂಟೆ ಕೊಡೋಣ

ಕಾಲೇಜು ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಒಂದೇ ದಿನ. ಬಸ್ಸು ಇಳಿ, ಗುಂಪು ಫೋಟೊ ತೆಗೆ, ಬಸ್ಸು ಹತ್ತು. ನಮ್ಮಲ್ಲಿ ಕೆಲವರಂತೂ ದೇವಸ್ಥಾನವೆಂಬ ಅಳುಕಿನಿಂದ ಗೇಟಿನ ಹೊರಗೇ ಉಳಿಯುತ್ತಾರೆ. ಈ ವರ್ಷ ಒಂದು ಸ್ಥಳವನ್ನು ಕೈಬಿಟ್ಟು ಬೇಲೂರಿಗೆ ಎರಡು ಗಂಟೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. 2023ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ಪುಸ್ತಕದಲ್ಲೇ ಸಿಗುತ್ತದೆ. ಆದರೆ ಕೆಲವು ಸಂಗತಿಗಳು ನಿಂತು ನೋಡಿದವರಿಗೆ ಮಾತ್ರ ಕಾಣುತ್ತವೆ. ಬಿಸಿಲಿನಿಂದ ಒಳಗೆ ಹೋದ ಕೂಡಲೇ ಬರೀ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಜಾಲಂಧ್ರಗಳಿಂದ ಬರುವ ಬೆಳಕಿನಲ್ಲಿ ಕಂಬಗಳ ನುಣುಪು ತಿಳಿಯುತ್ತದೆ. ಹೊರಗೆ ಜಗಲಿಯ ಮೇಲೆ ಒಂದು ಸುತ್ತು ಬಂದರೆ ಕೆಳಗೆ ಆನೆಗಳ ಸಾಲು, ಮೇಲೆ ಸೂರಿನಡಿ ಮದನಿಕೆಯರು. ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೂ ಕನ್ನಡದಲ್ಲಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅಂಥವರು. ದೊರೆಯ ಹೆಸರನ್ನು ಪರೀಕ್ಷೆಗೆ ಬಾಯಿಪಾಠ ಮಾಡುವ ನಾವು ಈ ಅಪ್ಪ-ಮಗನನ್ನೂ ತಿಳಿಯಬೇಡವೇ?

ಇನ್ನು ಅಳುಕಿನ ಮಾತು. ನೋಡುವುದು ಬೇರೆ, ಪೂಜಿಸುವುದು ಬೇರೆ. ಕಲ್ಲಿನ ಕೆಲಸವನ್ನು ಮೆಚ್ಚಿದರೆ ನಮ್ಮ ಈಮಾನ್ ಕದಲುವುದಿಲ್ಲ. ಹಾಗಂತ ಯಾರನ್ನೂ ಬಲವಂತ ಮಾಡಬಾರದು. ಒಳಗೆ ಬರಲು ಮನಸ್ಸೊಪ್ಪದವರಿಗೆ ಹೊರಗೋಡೆಯಲ್ಲೇ ಬೇಕಾದಷ್ಟು ನೋಡುವುದಿದೆ. ಇದೇ ದೇವಾಲಯದ ರಥೋತ್ಸವದಲ್ಲಿ ಕುರ್‌ಆನ್ ಪಠಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ವಿರೋಧವೂ ಎದ್ದಿದೆ. ಇಂಥ ಕಾಲದಲ್ಲಿ ನಾವು ಗೇಟಿನಿಂದಲೇ ಹಿಂದಿರುಗಿದರೆ ದೂರ ಇನ್ನಷ್ಟು ಹೆಚ್ಚುತ್ತದೆ.

ಬೇಲೂರು ಇಂದಿಗೂ ಪೂಜೆ ನಡೆಯುವ ಸ್ಥಳ ಎಂಬುದನ್ನು ಮರೆಯಬಾರದು. ಚಪ್ಪಲಿ ಹೊರಗೆ ಬಿಡೋಣ, ದನಿ ತಗ್ಗಿಸೋಣ, ದರ್ಶನಕ್ಕೆ ನಿಂತವರಿಗೆ ದಾರಿ ಬಿಡೋಣ. ನಮ್ಮ ಮಸೀದಿಗೆ ಬಂದ ಅತಿಥಿಗಳಿಂದ ನಾವು ಬಯಸುವುದೂ ಇದನ್ನೇ ತಾನೆ? ವಿಜಯಪುರದ ಗೋಲಗುಮ್ಮಟಕ್ಕೆ ಬಂದವರು ಕೂಗಿ, ಪ್ರತಿಧ್ವನಿ ಕೇಳಿ, ಹೊರಟುಬಿಟ್ಟರೆ ನಮಗೆ ಬೇಸರವಾಗುತ್ತದೆ. ಅಷ್ಟು ದೊಡ್ಡ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಎಂದು ಅವರೂ ಯೋಚಿಸಲಿ ಎನ್ನಿಸುತ್ತದೆ.

ಪ್ರವಾಸ ಸಮಿತಿಗೆ ನನ್ನ ಸಲಹೆ ಇಷ್ಟೇ. ತರಗತಿಯನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಗೋಡೆಯ ಒಂದೊಂದು ಭಾಗ ಕೊಡಿ. ಮೊದಲ ಒಂದು ಗಂಟೆ ಮೊಬೈಲ್ ಬ್ಯಾಗಿನಲ್ಲಿರಲಿ, ಕೈಯಲ್ಲಿ ನೋಟ್‌ಬುಕ್ ಇರಲಿ. ಕಂಡದ್ದನ್ನು ಬಸ್ಸಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳೋಣ.